ಸೀಸನ್ ಮುಗಿದಿಲ್ಲ, ನಿಂತಿದೆ ಅಷ್ಟೇ: ನನ್ನ ಫುಟ್ಬಾಲ್ ಪ್ಯಾಕ್ ಬಗ್ಗೆ ದೂರು

ಬೆಂಗಳೂರು
2 ಮೇ 2020

ಕಸ್ಟಮರ್ ಕೇರ್ ಮ್ಯಾನೇಜರ್ ಅವ್ರಿಗೆ ನಮಸ್ಕಾರ,

ಹೋದ ಆಗಸ್ಟಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ಶುರುವಾಗೋ ಮುಂಚೆನೇ ನಿಮ್ಮ ಆ್ಯಪಲ್ಲಿ ಫುಟ್ಬಾಲ್ ಸೀಸನ್ ಪ್ಯಾಕ್ ತಗೊಂಡು ಪೂರ್ತಿ ದುಡ್ಡು ಒಂದೇ ಸಲ ಕಟ್ಟಿದ್ದೀನಿ. ಮಾರ್ಚ್ 13ಕ್ಕೆ ಕೊರೊನಾದಿಂದ ಲೀಗ್ ನಿಲ್ಸಿದ್ರು, ಅದ್ರಲ್ಲಿ ನಿಮ್ಮ ತಪ್ಪೇನಿಲ್ಲ, ಅದಕ್ಕೆ ಇಷ್ಟು ದಿನ ನಾನೂ ಸುಮ್ನಿದ್ದೆ. ಮ್ಯಾಚ್ ಮತ್ತೆ ಶುರುವಾದ್ರೆ ಇದೇ ಪ್ಯಾಕಲ್ಲಿ ನೋಡ್ಬೋದಾ ಅಂತ ಮೇಲ್ ಹಾಕಿ ಕೇಳಿದ್ದಕ್ಕೆ ಮೊನ್ನೆ ಎರಡೇ ಸಾಲಿನ ಉತ್ತರ ಬಂತು: "ಈ ಸೀಸನ್ ಬಹುತೇಕ ರದ್ದಾದಂತೆಯೇ. ನಿಮ್ಮ ಪ್ಯಾಕ್ ಮೇ 31ಕ್ಕೆ ಮುಗಿಯುತ್ತದೆ, ಅವಧಿ ವಿಸ್ತರಣೆ ಇಲ್ಲ."

ರದ್ದಾಯ್ತು ಅಂತ ನಿಮಗೆ ಹೇಳಿದ್ದು ಯಾರು? ನಿನ್ನೆ ತಾನೇ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಮೀಟಿಂಗ್ ಆಗಿ ಸೀಸನ್ ಮುಗಿಸೋದೇ ನಮ್ಮ ಉದ್ದೇಶ ಅಂತ ಮತ್ತೆ ಹೇಳಿದ್ದಾರೆ. ಜೂನ್ 1ರೊಳಗೆ ಮುಗೀಬೇಕು ಅಂತ ಇಂಗ್ಲೆಂಡ್ ಫುಟ್ಬಾಲ್ ಅಸೋಸಿಯೇಷನ್ ರೂಲೇ ಇತ್ತಲ್ಲ, ಅದನ್ನೂ ಮಾರ್ಚ್ 19ಕ್ಕೇ ಸಡಿಲ ಮಾಡಿ ಎಷ್ಟು ದಿನ ಬೇಕಾದ್ರೂ ಮುಂದೆ ಹೋಗ್ಲಿ ಅಂದ್ಬಿಟ್ರು. ಆಟ ನಡೆಸೋರೇ ತಾರೀಖು ಬಿಟ್ಟುಕೊಟ್ಟಿರುವಾಗ ತೋರ್ಸೋ ನೀವು ಮಾತ್ರ ಮೇ 31 ಅಂತ ಹಿಡ್ಕೊಂಡು ಕೂತ್ರೆ ಹೆಂಗೆ? ಜೂನ್ ಜುಲೈನಲ್ಲಿ ಮ್ಯಾಚ್ ಆದ್ರೆ ಅದೇ ಸೀಸನ್ನಿಗೆ ನಾನು ಎರಡ್ನೇ ಸಲ ದುಡ್ಡು ಕಟ್ಬೇಕಾ?

ನಮ್ಮ ಮನೇಲಿ ಇದು ಬರೀ ಟೈಂಪಾಸ್ ಅಲ್ಲ ಅನ್ನೋದೂ ನಿಮಗೆ ಗೊತ್ತಾಗ್ಲಿ. ನಮ್ಮಪ್ಪ ಆಸ್ಟಿನ್ ಟೌನ್ ಗ್ರೌಂಡಲ್ಲಿ ಬರಿಗಾಲಲ್ಲಿ ಆಡಿ ಬೆಳೆದೋರು, ಈಗ ಮಂಡಿ ನೋವು, ಆಟ ಅಂದ್ರೆ ಟಿವಿ ಮುಂದೆನೇ. ಮಾರ್ಚ್ 7ರ ಶನಿವಾರ ಸಂಜೆ 6 ಗಂಟೆಗೆ ಇಬ್ರೂ ಕೂತು ಲಿವರ್‌ಪೂಲ್–ಬೋರ್ನ್‌ಮೌತ್ ನೋಡಿದ್ವಿ. ನಮ್ಮ ಟೀಮ್ ಲಿವರ್‌ಪೂಲ್ 2-1 ಮುಂದಿತ್ತು, ನಮ್ಮ ಗೋಲ್‌ಕೀಪರ್ ತಲೆ ಮೇಲಿಂದ ದಾಟಿ ಗೋಲಿನೊಳಗೆ ಹೋಗ್ತಿದ್ದ ಬಾಲನ್ನ ಮಿಲ್ನರ್ ಓಡಿ ಬಂದು ಗೆರೆ ಮೇಲೆ ಕಾಲು ಚಾಚಿ ಆಚೆ ತಳ್ಳಿದಾಗ ಅಪ್ಪ ಮಂಡಿ ನೋವು ಮರೆತು ಎದ್ದು ನಿಂತ್ಬಿಟ್ರು, ಅಮ್ಮ ಏನಾಯ್ತೋ ಅಂತ ಅಡುಗೆಮನೆಯಿಂದ ಓಡಿ ಬಂದ್ರು. ಮುಂದಿನ ಮ್ಯಾಚು ಎವರ್ಟನ್ ಮೇಲೆ, ಮಾರ್ಚ್ 16ರ ರಾತ್ರಿ, ನಮಗೆ ಮಧ್ಯರಾತ್ರಿ ಕಳೆದು 1:30ಕ್ಕೆ, ಅದಕ್ಕೆ ಅಪ್ಪ ಫೋನಲ್ಲಿ ಇಟ್ಟಿದ್ದ ಅಲಾರಂ ಇನ್ನೂ ತೆಗೆದಿಲ್ಲ.

ಲಿವರ್‌ಪೂಲ್‌ಗೆ 29 ಮ್ಯಾಚಿಗೆ 82 ಪಾಯಿಂಟ್, ಎರಡ್ನೇ ಜಾಗದಲ್ಲಿರೋ ಮ್ಯಾಂಚೆಸ್ಟರ್ ಸಿಟಿಗಿಂತ 25 ಜಾಸ್ತಿ, ಇನ್ನೆರಡು ಮ್ಯಾಚ್ ಗೆದ್ರೆ ಸಾಕು, 1990 ಆದ್ಮೇಲೆ ಅಂದ್ರೆ 30 ವರ್ಷಕ್ಕೆ ಮೊದಲ್ನೇ ಸಲ ಲೀಗ್ ಟೈಟಲ್. ಹೋದ ವರ್ಷ 97 ಪಾಯಿಂಟ್ ತಗೊಂಡೂ ಒಂದೇ ಒಂದು ಪಾಯಿಂಟಲ್ಲಿ ಕೈತಪ್ಪಿತ್ತು. ಇಂಥಾ ಸೀಸನ್ನನ್ನ ನಡೆದೇ ಇಲ್ಲ ಅಂತ ಒರೆಸಿ ಹಾಕೋಕೆ ಮನಸ್ಸಾದ್ರೂ ಹೆಂಗ್ ಬರುತ್ತೆ? ಹಂಗಂತ ನಾನು ಬರೀ ನನ್ನ ಟೀಮಿಗೋಸ್ಕರ ಹೇಳ್ತಿಲ್ಲ. ಪಟ್ಟಿಯ ಕೆಳಗಡೆ ನೋಡಿ, ಕೊನೇ ಜಾಗದ ಟೀಮುಗಳು ಕೆಳಗಿನ ಲೀಗಿಗೆ ಇಳೀಬೇಕಲ್ಲ, ವೆಸ್ಟ್ ಹ್ಯಾಮ್, ವಾಟ್‌ಫರ್ಡ್, ಬೋರ್ನ್‌ಮೌತ್ ಮೂರೂ 27 ಪಾಯಿಂಟಲ್ಲಿ ಒಟ್ಟಿಗೆ ನಿಂತಿವೆ, ಆಸ್ಟನ್ ವಿಲ್ಲಾ 25ರಲ್ಲಿದೆ ಆದ್ರೆ ಒಂದು ಮ್ಯಾಚ್ ಕಮ್ಮಿ ಆಡಿದೆ. ಇದ್ರಲ್ಲಿ ಯಾರನ್ನ ಕೆಳಗಿನ ಲೀಗಿಗೆ ಕಳಿಸ್ತೀರಿ, ಯಾವ ಲೆಕ್ಕದಲ್ಲಿ? ಯಾರನ್ನೂ ಕಳಿಸಲ್ಲ ಅಂದ್ರೆ ಮೇಲಿನ ಲೀಗಿಗೆ ವಾಪಸ್ ಬರೋಕೆ 16 ವರ್ಷ ಕಾದು ಈಗ ಕೆಳಗಿನ ಲೀಗಲ್ಲಿ ಒಂದನೇ ಜಾಗದಲ್ಲಿರೋ ಲೀಡ್ಸ್‌ಗೆ ಏನು ಹೇಳೋದು?

ನೆದರ್ಲೆಂಡ್ಸಲ್ಲಿ ಹಿಂಗೇ ಆಯ್ತು. ಏಪ್ರಿಲ್ 24ಕ್ಕೆ ಸೀಸನ್ ನಿಲ್ಸಿ, ಅಯಾಕ್ಸ್, ಎಝಡ್ ಅನ್ನೋ ಟೀಮ್ ಎರಡೂ 56 ಪಾಯಿಂಟಲ್ಲಿದ್ರೂ ಚಾಂಪಿಯನ್ನೇ ಇಲ್ಲ ಅಂದ್ಬಿಟ್ರು, ಎರಡ್ನೇ ಡಿವಿಷನ್ನಲ್ಲಿ ಮೊದಲ್ನೇ ಜಾಗದಲ್ಲಿದ್ದ ಕಾಂಬೂರ್ ಅಲ್ಲೇ ಉಳೀತು. ಫ್ರಾನ್ಸಲ್ಲಿ ಮೊನ್ನೆ ಏಪ್ರಿಲ್ 30ಕ್ಕೆ ಪಿಎಸ್‌ಜಿಗೆ ಟೈಟಲ್ ಕೊಟ್ಟು ಕೈತೊಳ್ಕೊಂಡ್ರು, ಅಮಿಯಾ, ಟುಲೂಸ್ ಎರಡನ್ನೂ ಆಡೋಕೇ ಬಿಡದೆ ಕೆಳಗೆ ಕಳಿಸಿದ್ರು. ನಮ್ಮ ದೇಶದ ಐ-ಲೀಗೂ ನಿಂತು ಮೋಹನ್ ಬಗಾನ್ ಚಾಂಪಿಯನ್ ಆಯ್ತಲ್ಲ ಅಂತ ನೀವು ಕೇಳ್ಬೋದು, ಅದು ಬೇರೆ ಕಥೆ, ಮಾರ್ಚ್ 10ಕ್ಕೆ ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ ಐಜ್ವಾಲ್ ಮೇಲೆ 1-0 ಗೆದ್ದಾಗ್ಲೇ ಅವ್ರನ್ನ ಇನ್ಯಾರೂ ಹಿಡಿಯೋ ಹಂಗಿರ್ಲಿಲ್ಲ, ಅಲ್ಲಿ ಯಾರಿಗೂ ಟೈಟಲ್ ತಪ್ಪಿಸಿದಂಗೆ ಆಗ್ಲಿಲ್ಲ. 1939ರಲ್ಲಿ ಎರಡನೇ ಮಹಾಯುದ್ಧ ಬಂದಾಗ ಇಂಗ್ಲೆಂಡ್ ಲೀಗ್ ಪೂರ್ತಿ ರದ್ದಾಗಿತ್ತು ನಿಜ, ಆದ್ರೆ ಆಗ ಒಂದೊಂದು ಟೀಮ್ ಆಡಿದ್ದು ಹೆಚ್ಚೆಂದ್ರೆ ಮೂರೇ ಮ್ಯಾಚು. ಈಗ ಮುಕ್ಕಾಲು ಭಾಗ ಮುಗ್ದಿದೆ, ಎಲ್ಲಾ ಟೀಮ್ ಸೇರಿ ಉಳಿದಿರೋದು 92 ಮ್ಯಾಚ್.

ಜೀವಕ್ಕಿಂತ ಆಟ ದೊಡ್ದಲ್ಲ, ಅದು ನನಗೂ ಗೊತ್ತು, ಇಂಗ್ಲೆಂಡಲ್ಲಿ ದಿನಾ ಎಷ್ಟು ಜನ ಸಾಯ್ತಿದ್ದಾರೆ ಅಂತ ನಾವೂ ನ್ಯೂಸಲ್ಲಿ ನೋಡ್ತಿದ್ದೀವಿ. ನಾಳೆನೇ ಆಡ್ಲಿ ಅಂತ ನಾನು ಹೇಳ್ತಿಲ್ಲ. ಡಾಕ್ಟರ್‌ಗಳು ಸರಿ ಅಂದಾಗ, ಪ್ಲೇಯರ್‌ಗಳಿಗೆ ಟೆಸ್ಟ್ ಮಾಡ್ಸಿ, ಜನ ಇಲ್ದಿರೋ ಸ್ಟೇಡಿಯಮ್ಮಲ್ಲೇ ಆಡ್ಲಿ, ಆಗಸ್ಟ್ ಆದ್ರೂ ಆಗ್ಲಿ, ಮುಂದಿನ ಸೀಸನ್ ಬೇಕಾದ್ರೆ ಲೇಟಾಗಿ ಶುರುವಾಗ್ಲಿ. ಸ್ಟೇಡಿಯಂ ಖಾಲಿ ಇದ್ರೆ ಎಲ್ರೂ ನೋಡ್ಬೇಕಾಗಿರೋದು ನಿಮ್ಮಂಥೋರ ಮೂಲಕನೇ ತಾನೇ, ಅಂಥಾ ಟೈಮಲ್ಲಿ ಇರೋ ಗ್ರಾಹಕರಿಗೇ ಬಾಗಿಲು ಹಾಕೋದು ಸರಿನಾ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ನನ್ನ ಪ್ಯಾಕನ್ನ ತಾರೀಖಿಗಲ್ಲ, ಈ ಸೀಸನ್ನಿನ ಕೊನೇ ಮ್ಯಾಚಿಗೆ ಕಟ್ಟಿ, ಯಾಕಂದ್ರೆ ನೀವು ಮಾರಿದ್ದು ಸೀಸನ್ ಪ್ಯಾಕ್ ಅಂತಾನೇ, ಬಿಲ್ಲಲ್ಲೂ ಹಂಗೇ ಇದೆ, ಕಾಪಿ ಇದ್ರ ಜೊತೆ ಹಾಕಿದ್ದೀನಿ. ಅಕಸ್ಮಾತ್ ಲೀಗ್ ನಿಜವಾಗ್ಲೂ ರದ್ದಾದ್ರೆ ತೋರಿಸದೇ ಉಳಿದ ಮ್ಯಾಚುಗಳ ದುಡ್ಡು ವಾಪಸ್ ಕೊಡಿ. ಮತ್ತೆ ನಿಮ್ಮ ಆ್ಯಪಲ್ಲಿ ಪ್ರೀಮಿಯರ್ ಲೀಗ್ ಪೇಜ್ ಮೇಲೆ "ಸೀಸನ್ ಮುಕ್ತಾಯ" ಅಂತ ಹಾಕಿದ್ದೀರಲ್ಲ, ಅದನ್ನ ದಯವಿಟ್ಟು ಇವತ್ತೇ ತೆಗೀರಿ, ಅಪ್ಪ ಅದನ್ನ ನೋಡಿ ನಿಜ ಅಂದ್ಕೊಂಡು ಎರಡು ದಿನ ಸಪ್ಪಗಿದ್ರು.

15 ದಿನದೊಳಗೆ ಉತ್ತರ ಬರ್ಲಿಲ್ಲ ಅಂದ್ರೆ ಲಾಕ್‌ಡೌನ್ ಮುಗಿದ ತಕ್ಷಣ ಗ್ರಾಹಕರ ವೇದಿಕೆಗೆ ಹೋಗ್ತೀನಿ.

ಇಂತಿ,
ನಿಮ್ಮ ಸೀಸನ್ ಪ್ಯಾಕ್ ಗ್ರಾಹಕ
ಆಸ್ಟಿನ್ ಟೌನ್, ಬೆಂಗಳೂರು