ನನ್ನ ಮಗನಿಗೆ ಓದಲು ಕಲಿಸಿದ ಶಾಲೆಗೆ

ಈ ಸಲ ನನ್ನ ಮಗ ಎಸ್‌ಎಸ್‌ಎಲ್‌ಸಿ ಪಾಸಾದ. 625ಕ್ಕೆ 448. ಪೇಪರಲ್ಲಿ ಫೋಟೋ ಬರುವಂಥ ಮಾರ್ಕೇನೂ ಅಲ್ಲ. ಆದರೆ ಕನ್ನಡದಲ್ಲಿ 125ಕ್ಕೆ 113 ಬಂದಿದೆ. ಅದನ್ನು ಮೊಬೈಲಲ್ಲಿ ನೋಡಿ ಗೇರುಬೀಜ ಫ್ಯಾಕ್ಟರಿಯ ಗೇಟಲ್ಲೇ ನಿಂತು ಅತ್ತುಬಿಟ್ಟೆ. ಯಾಕೆ ಅಂತ ಹೇಳದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ.

2017ರಲ್ಲಿ ಅವನು ಎರಡನೇ ಕ್ಲಾಸ್ ಮುಗಿಸಿದಾಗ ತನ್ನ ಹೆಸರೊಂದು ಬಿಟ್ಟು ಬೇರೇನೂ ಓದಲು ಬರುತ್ತಿರಲಿಲ್ಲ. ಆಗ ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದ. ಒಂದೇ ಕ್ಲಾಸಲ್ಲಿ 50ಕ್ಕಿಂತ ಜಾಸ್ತಿ ಮಕ್ಕಳು. ಅಲ್ಲಿ ನನ್ನನ್ನು ಕರೆಸಿ, ಇವನ ತಲೆಗೆ ಏನೂ ಹತ್ತುವುದಿಲ್ಲ, ಸುಮ್ನೆ ಫೀಸ್ ದಂಡ ಅಂದರು. ಮಗ ನನ್ನ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

ನಮ್ಮ ಮನೆಯಿಂದ ಗದ್ದೆ ದಾಟಿದರೆ ಇಗರ್ಜಿ, ಅಂದರೆ ಚರ್ಚ್, ಅದರ ಪಕ್ಕದಲ್ಲೇ ಅವರದ್ದೇ ಶಾಲೆ. ಹೆಂಚಿನ ಮಾಡು, ಒಂದರಿಂದ ಏಳನೇ ಕ್ಲಾಸ್, ಎಲ್ಲಾ ಸೇರಿ 46 ಮಕ್ಕಳು. ಅನುದಾನಿತ ಕನ್ನಡ ಶಾಲೆ. ಇಂಥ ಶಾಲೆಗಳಲ್ಲಿ ಸರ್ಕಾರದ ಸಂಬಳದ ಟೀಚರ್ ನಿವೃತ್ತರಾದರೆ ಆ ಜಾಗಕ್ಕೆ ಹೊಸಬರು ಬರಲು ವರ್ಷಗಟ್ಟಲೆ ಕಾಯಬೇಕು. ಇಲ್ಲೂ ಅಂಥವರು ಇಬ್ಬರೇ ಉಳಿದಿದ್ದರು. ಉಳಿದಿಬ್ಬರು ಗೌರವ ಶಿಕ್ಷಕಿಯರು, ಇಗರ್ಜಿಯವರೂ ಹಳೆ ವಿದ್ಯಾರ್ಥಿಗಳೂ ಸೇರಿ ಕೊಡುವ ಅಷ್ಟಿಷ್ಟು ದುಡ್ಡಿಗೆ ದುಡಿಯುವವರು. ಮುಚ್ಚುವ ಶಾಲೆಗೆ ಯಾಕೆ ಹಾಕ್ತೀಯ, ಅದೂ ಅವರ ಶಾಲೆಗೆ ಅಂತ ನೆಂಟರು ಕೇಳಿದರು. ನನಗೆ ಬೇರೆ ದಾರಿ ಇರಲಿಲ್ಲ, ನಿಜ ಹೇಳಬೇಕೆಂದರೆ ಅಷ್ಟೇ.

ಮೊದಲ ದಿನ ಹೆಡ್ ಟೀಚರ್ ಅವನ ಹತ್ತಿರ ಏನೂ ಓದಿಸಲಿಲ್ಲ. ಒಂದು ತಟ್ಟೆಯಲ್ಲಿ ಮರಳು ಹರಡಿ, 'ಮಗಾ, ನಿಂಗೆ ಯಾವ ಅಕ್ಷರ ಇಷ್ಟವೋ ಅದನ್ನ ಬರಿ' ಅಂದರು. ಅವನು ಬರೆದದ್ದು ಬರೀ 'ದ'. ಅದು ಬಂದಿದ್ದೇ ದೊಡ್ಡದು ಅನ್ನುವ ಹಾಗೆ ತಲೆಯಾಡಿಸಿ, ಅದರ ಒಳಗೊಂದು ಚುಕ್ಕಿ ಇಟ್ಟು 'ಇದು ಥ', ಅಳಿಸಿ ಮತ್ತೆ ಬರೆದು, ಕೆಳಗಿಂದ ಗೀಟು ಎಳೆದು 'ಹೊಟ್ಟೆ ಸೀಳಿದ್ರೆ ಧ' ಅಂದರು. ಅವನು ನಕ್ಕ. ಶಾಲೆಯೊಳಗೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. 'ಮ' ಮತ್ತು 'ವು' ಬಿಡಿಸಿಕೊಳ್ಳಲು ಅವನಿಗೆ ನಾಲ್ಕು ತಿಂಗಳು ಬೇಕಾಯ್ತು. ಒತ್ತಕ್ಷರಕ್ಕೆ ಇನ್ನೊಂದು ವರ್ಷ. ದಿನಾ ಊಟದ ಗಂಟೆ ಆದಮೇಲೆ ಟೀಚರ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓದಿಸುತ್ತಿದ್ದರು, ತಪ್ಪಿದರೆ ಬೈಯುತ್ತಿರಲಿಲ್ಲ, ಬೆರಳು ಹಿಡಿದು ಆ ಅಕ್ಷರಕ್ಕೇ ವಾಪಸ್ ಕರೆದುಕೊಂಡು ಹೋಗುತ್ತಿದ್ದರು ಅಷ್ಟೇ. ಶಿಕ್ಷಣದ ಗುಣಮಟ್ಟ ಅಂತ ಎಲ್ಲರೂ ಮಾತಾಡುತ್ತಾರೆ. ನಾನು ಕಣ್ಣಾರೆ ಕಂಡದ್ದು ಈ ಹತ್ತು ನಿಮಿಷ.

ಆ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಒಂದು ಮಗು ಪೇಪರ್ ಓದಬೇಕು. 2019ರ ಜುಲೈ 1ರಂದು ಇವನ ಸರದಿ ಬಂತು, ಆಗ ಐದನೇ ಕ್ಲಾಸ್. ಜುಲೈ 1 ಪತ್ರಿಕಾ ದಿನ. 1843ರಲ್ಲಿ ಇದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಶುರು ಮಾಡಿದ್ದು, ಅದೇ ಕನ್ನಡದ ಮೊದಲ ಪತ್ರಿಕೆ ಅಂತ ಟೀಚರ್ ಹೇಳಿಕೊಟ್ಟಿದ್ದರು. ಹಿಂದಿನ ರಾತ್ರಿಯೇ ಅವನು ಅದನ್ನು ನನಗೂ ಪಾಠ ಮಾಡಿದ್ದ! ನಾನು ಅರ್ಧ ದಿನ ರಜೆ ಹಾಕಿ ಹೋಗಿ ಬೇಲಿಯ ಹತ್ತಿರ ನಿಂತು ಕೇಳಿದೆ. ಎರಡು ಕಡೆ ತಡವರಿಸಿದ, ಆದರೂ ನಿಲ್ಲಿಸಲಿಲ್ಲ.

ಮುಂದಿನ ವರ್ಷ ಕೊರೊನಾ. ಶಾಲೆ ಮುಚ್ಚಿತು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮೊಬೈಲ್, ಅದೂ ಬರೀ ಮಾತಾಡಲಿಕ್ಕೆ. ಕಲಿತದ್ದೆಲ್ಲ ಹೋಯ್ತು ಅಂದುಕೊಂಡೆ. ಸರ್ಕಾರ ವಿದ್ಯಾಗಮ ಅಂತ ಶುರು ಮಾಡಿದಾಗ ನಮ್ಮ ಕೇರಿಯ ಭಜನಾ ಮಂದಿರದ ಜಗುಲಿಯಲ್ಲಿ ಈ ಶಾಲೆಯ ಟೀಚರ್ ಪಾಠ ಮಾಡಿದರು. ಅದು ನಿಂತ ಮೇಲೂ ನೋಟ್ಸ್ ಬರೆದುಕೊಂಡು ಮನೆಮನೆಗೆ ತಂದುಕೊಟ್ಟು, ಅಂಗಳದಲ್ಲೇ ನಿಂತು ಹಿಂದಿನ ವಾರದ್ದನ್ನು ತಿದ್ದಿ ಹೋಗುತ್ತಿದ್ದರು.

ಅವರ ಶಾಲೆ ಅಂದವರಿಗೂ ಒಂದು ಮಾತು ಹೇಳಬೇಕು. ಐದು ವರ್ಷ ಅಲ್ಲಿ ಓದಿದ ನನ್ನ ಮಗ ಈಗಲೂ ಭಜನೆಗೆ ತಾಳ ಹಾಕುತ್ತಾನೆ. ಸೆಪ್ಟೆಂಬರ್ ಬಂದರೆ ಇಗರ್ಜಿಯಲ್ಲಿ ಮೇರಿ ಮಾತೆಗೆ ಹೂವು ಅರ್ಪಿಸುವ ಮೊಂತಿ ಹಬ್ಬಕ್ಕೆ ಅಂತ ನಮ್ಮ ಅಂಗಳದ ದಾಸವಾಳವನ್ನೆಲ್ಲ ಅವನೇ ಕೊಯ್ದುಕೊಂಡು ಹೋಗುತ್ತಿದ್ದ, ಯಾರೂ ಹೇಳಿ ಕಳಿಸಿದ್ದಲ್ಲ. ಬಾ ಅಂತ ಯಾರೂ ಎಳೆಯಲಿಲ್ಲ, ಬೇಡ ಅಂತ ಯಾರೂ ತಡೆಯಲಿಲ್ಲ.

ಹೆಡ್ ಟೀಚರಿಗೆ ಈಗ ನಿವೃತ್ತಿ ಆಗಿದೆ. ರಿಸಲ್ಟ್ ದಿನ ಫೋನ್ ಮಾಡಿದಾಗ ಒಟ್ಟು ಮಾರ್ಕ್ ಕೇಳಲೇ ಇಲ್ಲ, 'ಕನ್ನಡದಲ್ಲಿ ಎಷ್ಟಮ್ಮ?' ಅಂದರು. 113 ಅಂದಾಗ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಟೀಚರ್, ಆಗ ನಾನೂ ಏನೂ ಹೇಳಲು ಆಗದೆ ಫೋನ್ ಇಟ್ಟೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕೈಮುಗಿದು ಥ್ಯಾಂಕ್ಸ್. ಲೆಕ್ಕವನ್ನು ರೇಷನ್ ಅಂಗಡಿಯ ಚೀಟಿ ಇಟ್ಟುಕೊಂಡೇ ಕಲಿಸಿದ ಚಿಕ್ಕ ಟೀಚರಿಗೂ, ಮಳೆಗೆ ಮಾಡು ಸೋರಿದಾಗ ತಾನೇ ಏಣಿ ಹತ್ತಿದ ಫಾದರ್‌ಗೂ ಥ್ಯಾಂಕ್ಸ್. ಮತ್ತೆ ಬಿಸಿಯೂಟದ ಅಕ್ಕಾ, ನಾನು ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಟ ದಿನ ಇವನು ಖಾಲಿ ಹೊಟ್ಟೆಯಲ್ಲಿ ಬಂದದ್ದು ನಿಮಗೆ ಮುಖ ನೋಡಿಯೇ ಗೊತ್ತಾಗುತ್ತಿತ್ತಂತೆ. ಅವನು ಮೊನ್ನೆಯಷ್ಟೇ ಹೇಳಿದ. ಬರುವ ಭಾನುವಾರ ನೀವು ನಮ್ಮ ಮನೆಗೆ ಊಟಕ್ಕೆ ಬರಲೇಬೇಕು, ಕರೆಯಲು ಅವನೇ ಬರುತ್ತಾನೆ.