ಫೋಟೊ ಮಾರಿ ಫಾರಿನ್ ಟೂರ್ ಆಗ್ತದಾ?

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಭಾನುವಾರದ ಪುರವಣಿಯಲ್ಲಿ, ಕೆಲ್ಸ ಬಿಟ್ಟು ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ದೇಶ ತಿರುಗಿ ಟ್ರಾವೆಲ್ ಫೋಟೊಗ್ರಾಫರ್ ಆಗುದು ಹೇಗೆ ಅಂತ ಒಂದು ಲೇಖನ ಹಾಕಿದ್ರಿ. ಓದ್ಲಿಕ್ಕೆ ಚಂದ ಇತ್ತು, ಫೋಟೊಗಳೂ ಚಂದ. ಆದ್ರೆ ಫೋಟೊ ಮಾರಿಯೇ ಟೂರಿನ ಖರ್ಚು ಎತ್ತಬಹುದು ಅಂತ ಅದ್ರಲ್ಲಿ ಒಂದು ಮಾತು ಉಂಟಲ್ಲ, ಅದನ್ನು ಓದಿ ನಮ್ಮ ಪಕ್ಕದ ಮನೆ ಹುಡುಗ ಇಎಂಐಯಲ್ಲಿ ದೊಡ್ಡ ಸೆನ್ಸರಿನ ದುಬಾರಿ ಫುಲ್ ಫ್ರೇಮ್ ಕ್ಯಾಮೆರಾ ತೆಗೊಳ್ಲಿಕ್ಕೆ ಹೊರಟಿದ್ದಾನೆ, ಅವನ ಅಮ್ಮ ಬಂದು ನೀವಾದ್ರೂ ಸ್ವಲ್ಪ ಹೇಳಿ ಮಾರಾಯ್ರೆ ಅಂತ ನನ್ನನ್ನು ಹಿಡ್ಕೊಂಡಿದ್ದಾರೆ. ಅವನಿಗೆ ಹೇಳುದನ್ನು ನಿಮ್ಗೂ ಹೇಳುವ ಅಂತ ಈ ಪತ್ರ.

ನಾನು ಉಡುಪಿಯಲ್ಲಿ ಮದುವೆ ಫೋಟೊ ತೆಗೆಯುವವ. ಆಟಿ, ಅಂದ್ರೆ ಜುಲೈ-ಆಗಸ್ಟಿನ ಮಳೆ ತಿಂಗಳು ಬಂದ್ರೆ ನಮ್ಗೆ ಕೆಲ್ಸ ಇಲ್ಲ, ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಎಂತದೂ ಇಲ್ಲ, ಮಳೆ ನೋಡ್ಕೊಂಡು ಕೂತ್ಕೊಳ್ಳುದು ಯಾಕೆ ಅಂತ ಹೇಳಿ ಆ ಸಮಯದಲ್ಲಿ ನಾನು ಹೊರಡುದು, ನೇಪಾಳ, ಕಾಂಬೋಡಿಯಾ, ವಿಯೆಟ್ನಾಂ ಹೀಗೆ ಕೈಗೆಟಕುವ ಊರುಗಳಿಗೆ. ಅಲ್ಲಿಯೂ ಆಗ ಮಳೆಗಾಲವೇ, ಹಾಗಾಗಿ ರೂಮಿಗೆ ರಷ್ ಇಲ್ಲ, ರೇಟೂ ಕಡಿಮೆ. ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಕೇಳಿದ್ರೆ ಮದುವೆ ಆಲ್ಬಮ್ಮಿಂದ. ಟ್ರಾವೆಲ್ ಫೋಟೊದಿಂದ ಬಂದದ್ದರಲ್ಲಿ ಅಲ್ಲಿಯ ಊಟದ ಖರ್ಚು ಕೂಡ ಪೂರ್ತಿ ಹುಟ್ಲಿಲ್ಲ. ನಮ್ಮ ಕಡೆ ಫಾರಿನ್ ಅಂದ್ರೆ ದುಬೈ, ಮಸ್ಕತ್, ಕುವೈತ್, ಅಂದ್ರೆ ದುಡಿಲಿಕ್ಕೆ ಹೋಗುವ ಜಾಗ, ಖರ್ಚು ಮಾಡ್ಲಿಕ್ಕೆ ಫಾರಿನ್ ಹೋಗ್ತೇನೆ ಅಂದ್ರೆ ಮಂಡೆ ಸಮ ಉಂಟಾ ಅಂತ ಮನೆಯಲ್ಲೇ ಕೇಳ್ತಾರೆ. ಆ ಪ್ರಶ್ನೆ ತಪ್ಪು ಅಂತ ನಾನು ಹೇಳುದಿಲ್ಲ.

ಹೋಗ್ಬೇಡಿ ಅಂತಲೂ ಹೇಳುದಿಲ್ಲ ಆಯ್ತಾ. ಮೊದಲ ಸಲ ಹೋಗುವವರಿಗೆ ನೇಪಾಳ ಸಾಕು. ರೈಲಲ್ಲಿ ಗೋರಖ್‌ಪುರ, ಅಲ್ಲಿಂದ ಬಸ್ಸಲ್ಲಿ ಸೋನೌಲಿ, ಮತ್ತೆ ನಡ್ಕೊಂಡೇ ಗಡಿ ದಾಟ್ಲಿಕ್ಕೆ ಆಗ್ತದೆ, ನಮ್ಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ರೆ ವೋಟರ್ ಐಡಿ ನಡೀತದೆ, ನಮ್ಮ 100 ರೂಪಾಯಿಗೆ ಅಲ್ಲಿಯ 160. ಮಳೆಗಾಲದಲ್ಲಿ ಹಿಮಾಲಯ ಕಾಣ್ಲಿಕ್ಕೆ ಸಿಗುದು ಕಷ್ಟ, ಅದು ಗೊತ್ತಿರ್ಬೇಕು, ಆದ್ರೆ ಭಕ್ತಪುರದ ಗಲ್ಲಿಗಳಲ್ಲಿ ಮಳೆ ನಿಂತ ಕೂಡ್ಲೆ ಇಟ್ಟಿಗೆ ನೆಲದ ಮೇಲೆ ಬರುವ ಬೆಳಕುಂಟಲ್ಲ, ಅದಕ್ಕೆ ಹಿಮಾಲಯ ಬೇಡ.

ಇನ್ನು ಬೆಳಕಿನ ವಿಷಯ. ಕಾಂಬೋಡಿಯಾದ ಅಂಕೋರ್ ವಾಟ್ ದೇವಸ್ಥಾನ ಮತ್ತು ನಮ್ಮ ಉಡುಪಿ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ ಇರುದು, 13 ಡಿಗ್ರಿ ಚಿಲ್ಲರೆ. ಅಂದ್ರೆ ಸೂರ್ಯ ಅಲ್ಲಿಯೂ ನೆಟ್ಟಗೆ ಇಳೀತಾನೆ, ಸಂಜೆಯ ಒಳ್ಳೆ ಬೆಳಕು ಬೇಗ ಮುಗೀತದೆ, ಮಧ್ಯಾಹ್ನ ಮುಖದ ಮೇಲೆ ಕಪ್ಪು ನೆರಳು. ಮಲ್ಪೆ ಬಂದರಲ್ಲಿ ಬೆಳಿಗ್ಗೆ ಮೀನು ಏಲಂ ಆಗುವಾಗ ನಾಲ್ಕು ವಾರ ಹೋಗಿ ನಿಂತ್ಕೊಂಡು ಫೋಟೊ ತೆಗ್ದವನಿಗೆ ಅಲ್ಲಿ ಹೋದ್ರೆ ಹೊಸತಾಗಿ ಕಲೀಲಿಕ್ಕೆ ಹೆಚ್ಚೇನಿಲ್ಲ, ಇಲ್ಲಿ ಬಸ್ ಟಿಕೆಟಿನ ದುಡ್ಡಲ್ಲಿ ಕಲ್ತದ್ದನ್ನು ಅಲ್ಲಿ ಡಾಲರ್ ಕೊಟ್ಟು ಕಲೀಬೇಕಾಗಿಲ್ಲ. ಅಂಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದನ್ನು ಹತ್ತು ದಿನದ ಒಳಗೆ ಬಿಟ್ಟು ಬಿಟ್ಟು ಬಳಸ್ಬಹುದು, ಮಳೆ ಬಂದ ದಿನ ರೂಮಲ್ಲಿ ಮಲಗ್ಬಹುದು. ಎಲ್ಲರೂ ಮಾಡುದು ಎಂತ, ಬೆಳಗಿನ ಜಾವ ಎದ್ದು ಹೋಗಿ ಕೆರೆ ಬದಿಯಲ್ಲಿ ಸಾಲಾಗಿ ನಿಂತು ಗೋಪುರದ ಹಿಂದೆ ಸೂರ್ಯ ಏಳುವ ಒಂದೇ ಫೋಟೊ ತೆಗೆಯುದು, ಅದು ಈಗಾಗ್ಲೇ ಲಕ್ಷಗಟ್ಲೆ ಉಂಟು, ನಿಮ್ದು ಯಾರಿಗೆ ಬೇಕು? ಆ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿರುದು. ಮಧ್ಯಾಹ್ನ ಕಳೆದ ಮೇಲೆ ಹೋದ್ರೆ ಬೆಳಕು ಮುಖಕ್ಕೆ ನೇರ ಬೀಳ್ತದೆ, ಪಶ್ಚಿಮದ ಮೊಗಸಾಲೆಯಲ್ಲಿ ಕುರುಕ್ಷೇತ್ರ ಯುದ್ಧ, ಲಂಕೆಯ ಯುದ್ಧ ಎರಡೂ ಕೆತ್ತಿದ್ದಾರೆ, ಕಂಬಗಳ ಎಡೆಯಿಂದ ಬಿಸಿಲು ಅಡ್ಡಡ್ಡ ಬಂದು ಕೆತ್ತನೆ ಎದ್ದು ಕಾಣ್ತದೆ. ಯಕ್ಷಗಾನ ನೋಡಿ ಬೆಳೆದವನಿಗೆ ಅಲ್ಲಿ ಭೀಷ್ಮ ಯಾರು, ರಾವಣ ಯಾರು ಅಂತ ಗೈಡ್ ಬೇಕಾಗಿಲ್ಲ, ಆ ದುಡ್ಡೂ ಉಳೀತು.

ಕ್ಯಾಮೆರಾ ವಿಷಯದಲ್ಲಿ ಹುಡುಗ್ರು ಮಾಡುವ ಗಲಾಟೆ ನೋಡಿ ನಗು ಬರ್ತದೆ. ಸೆಕೆಂಡ್ ಹ್ಯಾಂಡ್ ಎಪಿಎಸ್‌ಸಿ ಬಾಡಿ (ಸಣ್ಣ ಸೆನ್ಸರಿನ ಕ್ಯಾಮೆರಾ), ಒಂದು 35 ಎಂಎಂ ಲೆನ್ಸ್, ಎರಡು ಬ್ಯಾಟರಿ, ಅಷ್ಟು ಸಾಕು. ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಕಾರ್ಟಿಯೆ ಬ್ರೆಸೋಂ ಜೀವಮಾನ ಇಡೀ ಹೆಚ್ಚಾಗಿ ಬಳಸಿದ್ದು ಒಂದು 50 ಎಂಎಂ, ಎಪಿಎಸ್‌ಸಿಯಲ್ಲಿ 35 ಹಾಕಿದ್ರೆ ಸುಮಾರು ಅದೇ ನೋಟ ಸಿಗ್ತದೆ. ನಮ್ಮೂರಲ್ಲಿ ಹಳೇ ಲೆನ್ಸ್ ತೆಗೊಳ್ಳುವಾಗ ಮಾತ್ರ ಟಾರ್ಚ್ ಹಾಕಿ ಒಳಗೆ ಫಂಗಸ್ ಉಂಟಾ ನೋಡಿ, ಈ ಕರಾವಳಿಯ ಹಸಿಗೆ ಲೆನ್ಸ್ ಕಪಾಟಿನಲ್ಲಿಟ್ರೆ ಮುಗೀತು ಕತೆ. ಎಕ್ಸ್‌ಟ್ರಾ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರ್ಬೇಕು, ಚೆಕ್ ಇನ್ ಲಗೇಜಿಗೆ ಹಾಕ್ಲಿಕ್ಕಿಲ್ಲ. ಕ್ಯಾಮೆರಾ ಬೆಲೆಬಾಳುದಾದ್ರೆ ಹೋಗುವಾಗ್ಲೇ ಏರ್‌ಪೋರ್ಟಿನ ಕಸ್ಟಮ್ಸಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ವಾಪಸ್ ಬರುವಾಗ ಇದು ಅಲ್ಲಿ ತೆಗ್ದದ್ದಾ ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಆಗ್ತದೆ. ಡ್ರೋನ್ ಬೇಡವೇ ಬೇಡ, ಮೊರಾಕ್ಕೊದಂಥ ದೇಶದಲ್ಲಿ ಪರ್ಮಿಶನ್ ಇಲ್ಲದಿದ್ರೆ ಏರ್‌ಪೋರ್ಟಲ್ಲೇ ಹಿಡಿದಿಡ್ತಾರೆ. ಹಾಸ್ಟೆಲ್‌ನವರಿಗೆ ಫೋಟೊ ತೆಗೆದುಕೊಟ್ಟು ಪುಕ್ಕಟೆ ಉಳಿಯುದು ಅಂತಲೂ ನಿಮ್ಮ ಲೇಖನದಲ್ಲಿ ಇತ್ತು, ಟೂರಿಸ್ಟ್ ವೀಸಾದಲ್ಲಿ ಅದು ಎಷ್ಟೋ ದೇಶಗಳಲ್ಲಿ ಕೆಲ್ಸ ಅಂತ್ಲೇ ಲೆಕ್ಕ, ಸಿಕ್ಕಿಬಿದ್ರೆ ಫೈನ್, ಗಡೀಪಾರು. ಆ ಎಚ್ಚರಿಕೆ ಒಂದು ಸಾಲಾದ್ರೂ ಹಾಕ್ಬೇಕಿತ್ತು.

ಜನರ ಫೋಟೊ ಬಗ್ಗೆಯೂ ಲೇಖನದಲ್ಲಿ ಎಂತದೂ ಇರ್ಲಿಲ್ಲ. ಕಾಠ್ಮಂಡುವಿನ ಪಶುಪತಿಯಲ್ಲಿ ಪೂಜೆ ಮಾಡುವ ಭಟ್ರು ನಮ್ಮ ಕರ್ನಾಟಕದ ಕಡೆಯವರು, ಹಾಗಾಗಿ ಅಲ್ಲಿ ಹೋದ್ರೆ ನಮ್ಗೆ ಸ್ವಲ್ಪ ಊರಿನ ಹಾಗೆ ಅನ್ಸುದು. ಒಳಗೆ ಕ್ಯಾಮೆರಾ ಇಲ್ಲ. ಹೊರಗೆ ಬಾಗ್ಮತಿ ದಡದಲ್ಲಿ ಹೆಣ ಸುಡ್ತಾ ಇರ್ತಾರೆ, ಎದುರು ದಡದ ಮೆಟ್ಟಿಲಲ್ಲಿ ಟೂರಿಸ್ಟ್‌ಗಳು ಉದ್ದುದ್ದ ಲೆನ್ಸ್ ಹಿಡ್ಕೊಂಡು ಅಳುವವರ ಮುಖ ಝೂಮ್ ಮಾಡ್ತಾರೆ, ಅದ್ರಲ್ಲಿ ನಮ್ಮ ದೇಶದವ್ರೂ ಇರ್ತಾರೆ. ನಮ್ಮಲ್ಲಿ ಕೋಲ ಆಗುವಾಗ ಯಾರೋ ಹೊರಗಿನವ ದೈವದ ಎದುರಿಗೇ ನುಗ್ಗಿ ಫ್ಲ್ಯಾಶ್ ಹೊಡೆದ್ರೆ ನಮ್ಗೆ ಎಷ್ಟು ಸಿಟ್ಟು ಬರ್ತದೆ, ಊರವ್ರು ಅಂಗಿ ಹಿಡಿದು ಹೊರಗೆ ಹಾಕ್ತಾರೆ. ಇಲ್ಲಿ ಸಿಟ್ಟು ಮಾಡುವವ್ರು ಅಲ್ಲಿ ಹೋಗಿ ಅದನ್ನೇ ಮಾಡುದು ಯಾವ ಸೀಮೆಯ ನ್ಯಾಯ? ಲಾವೋಸ್ ದೇಶದ ಲುವಾಂಗ್ ಪ್ರಬಾಂಗಲ್ಲಿ ಬೆಳಿಗ್ಗೆ ಬೌದ್ಧ ಭಿಕ್ಷುಗಳು ಭಿಕ್ಷೆಗೆ ಬರುವಾಗಲೂ ಇದೇ ಕತೆ, ದೂರ ನಿಲ್ಲಿ ಅಂತ ಬೋರ್ಡ್ ಹಾಕಿದ್ರೂ ಕೇಳುವವ್ರಿಲ್ಲ. ಇದು ಮಾರಾಟಕ್ಕೂ ಸಂಬಂಧ ಇರುವ ವಿಷಯ, ಯಾಕಂದ್ರೆ ಮುಖ ಗುರ್ತ ಸಿಗುವ ಫೋಟೊವನ್ನು ಜಾಹೀರಾತಿಗೆ ಕೊಡ್ಬೇಕಾದ್ರೆ ಆ ಮನುಷ್ಯನ ಸಹಿ ಇರುವ ಒಪ್ಪಿಗೆ ಪತ್ರ, ಅಂದ್ರೆ ಮಾಡೆಲ್ ರಿಲೀಸ್ ಬೇಕು. ಕದ್ದು ತೆಗೆದ ಫೋಟೊಕ್ಕೆ ಆ ಸಹಿ ಎಲ್ಲಿಂದ ತರ್ತೀರಿ?

ಈಗ ದುಡ್ಡಿನ ಲೆಕ್ಕಕ್ಕೆ ಬರುವ. ಸ್ಟಾಕ್ ಸೈಟಿಗೆ, ಅಂದ್ರೆ ನಮ್ಮ ಫೋಟೊ ಮಾರಿ ಪಾಲು ಕೊಡುವ ವೆಬ್‌ಸೈಟಿಗೆ ಹಾಕಿ ಅಂತಾರೆ. ಶಟರ್‌ಸ್ಟಾಕ್‌ನಲ್ಲಿ 2020ರಿಂದ ಫೋಟೊ ತೆಗ್ದವನ ಪಾಲು ಶೇ 15ರಿಂದ ಶುರು, ಹೆಚ್ಚು ಮಾರಾಟ ಆದ್ರೆ 40ರವರೆಗೆ ಏರ್ತದೆ, ಜನವರಿ ಬಂದ್ರೆ ಮತ್ತೆ ಕೆಳಗಿನ ಮೆಟ್ಟಿಲಿಗೆ. ಅಡೋಬಿ ಸ್ಟಾಕ್‌ನಲ್ಲಿ ಶೇ 33. ಕೇಳ್ಲಿಕ್ಕೆ ಅಡ್ಡಿಯಿಲ್ಲ, ಆದ್ರೆ ಶಟರ್‌ಸ್ಟಾಕ್‌ನಲ್ಲಿ ಒಂದು ಡೌನ್‌ಲೋಡಿಗೆ ಹತ್ತು ಸೆಂಟ್ ಸಿಗುದೂ ಉಂಟು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಡಾಲರ್ ಕೊಟ್ಟು ಒಳಗೆ ಹೋಗಿ ತೆಗ್ದ ಫೋಟೊಕ್ಕೆ ಹತ್ತು ಸೆಂಟ್. ಸ್ಪರ್ಧೆಗಳದ್ದು ಇನ್ನೊಂದು ಅವಸ್ಥೆ, ಕಳಿಸಿದ ಎಲ್ಲ ಫೋಟೊದ ಹಕ್ಕೂ ತಮಗೇ ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ. ನಾನು ತೆಗ್ದ ಒಂದು ಫೋಟೊ ಯಾವುದೋ ಟೂರ್ ಕಂಪೆನಿಯ ಫ್ಲೆಕ್ಸಿನಲ್ಲಿ ಹೆಸ್ರಿಲ್ದೆ ತೂಗ್ತಾ ಇದ್ದದ್ದನ್ನು ನಾನೇ ಬಸ್ಸಿಂದ ನೋಡಿದ್ದೇನೆ, ಕೇಳಿದ್ರೆ ಪಬ್ಲಿಸಿಟಿ ಸಿಕ್ಕಿತಲ್ಲ ಅಂದ್ರು!

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವ್ರು ಫೋಟೊದಲ್ಲೇ ಜೀವನ ಮಾಡಿದವ್ರು, 1977ರಲ್ಲಿ ಪದ್ಮಶ್ರೀ ಬಂತು, ಅಮೆರಿಕದ ಲೈಫ್‌ನಂಥ ಪತ್ರಿಕೆಗಳಲ್ಲಿ ಅವ್ರ ಚಿತ್ರ ಬಂದಿವೆ. ಅವ್ರ ಪ್ರತಿಭೆ ಇದ್ದೇ ಇತ್ತು, ಜೊತೆಗೆ ಆ ಕಾಲದಲ್ಲಿ ಫೋಟೊ ದುಡ್ಡು ಕೊಟ್ಟು ತೆಗೊಳ್ಳುವ ಪತ್ರಿಕೆಗಳೂ ಇದ್ವು. 1947ರಲ್ಲಿ ಮ್ಯಾಗ್ನಂ ಅಂತ ಫೋಟೊಗ್ರಾಫರ್‌ಗಳದ್ದೇ ಏಜೆನ್ಸಿ ಶುರು ಮಾಡಿದವರ ಮುಖ್ಯ ಹಠವೇ ಫೋಟೊದ ಹಕ್ಕು ತೆಗ್ದವನ ಹತ್ರವೇ ಇರ್ಬೇಕು ಅಂತ. ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಫೋಟೊದ ಮೊದಲ ಒಡೆಯ ಸಾಮಾನ್ಯವಾಗಿ ತೆಗ್ದವನೇ ಅಂತ ಹೇಳ್ತದೆ, ಸಂಬಳಕ್ಕೆ ಇದ್ದು ತೆಗ್ದದ್ದು, ಇನ್ನೊಬ್ಬರು ದುಡ್ಡು ಕೊಟ್ಟು ತೆಗೆಸಿದ್ದು ಬೇರೆ ವಿಷಯ. ವಾಟ್ಸಾಪಲ್ಲಿ ಬಂತು ಅಂತ ಹೇಳಿ ಯಾರು ಬೇಕಾದ್ರೂ ಹಾಕ್ಲಿಕ್ಕಿಲ್ಲ.

ಸಂಪಾದಕರೇ, ನನ್ನ ಪತ್ರದ ಮುಖ್ಯ ವಿಷಯ ಇದು. ನಿಮ್ಮ ಪತ್ರಿಕೆಯಲ್ಲಿ ಓದುಗರು ತೆಗ್ದ ಫೋಟೊಕ್ಕೆ ಅರ್ಧ ಪುಟ ಉಂಟು, ಮಳೆಗಾಲದಲ್ಲಿ ಫಾಲ್ಸ್ ಫೋಟೊ ಕಳಿಸಿ, ಪ್ರವಾಸದ ಫೋಟೊ ಕಳಿಸಿ ಅಂತ ಕೇಳ್ತೀರಿ, ಹೆಸರು ಹಾಕ್ತೀರಿ, ಹಣ ಮಾತ್ರ ಒಂದು ಪೈಸೆ ಇಲ್ಲ. ಅದೇ ಪತ್ರಿಕೆ ಹುಡುಗ್ರಿಗೆ ಫೋಟೊ ಮಾರಿ ಲೋಕ ಸುತ್ತಿ ಅಂತ ಹೇಳಿದ್ರೆ, ಯಾರಿಗೆ ಮಾರುದು ಸ್ವಾಮಿ? ಪೇಪರ್‌ನವರಿಗೂ ಕಷ್ಟ ಉಂಟು, ಕಾಗದದ ರೇಟ್ ಏರಿದೆ, ಜಾಹೀರಾತು ಕಡಿಮೆ ಆಗಿದೆ, ಅದು ಗೊತ್ತುಂಟು. ದೊಡ್ಡ ಮೊತ್ತ ಯಾರೂ ಕೇಳುದಿಲ್ಲ. ಅಚ್ಚಾದ ಪ್ರತಿ ಫೋಟೊಕ್ಕೆ ಇಷ್ಟು ಅಂತ ಒಂದು ರೇಟ್ ಇಡಿ, ಅದನ್ನು ಕಾಲಂ ಕೆಳಗೆ ಪ್ರಿಂಟ್ ಮಾಡಿ, ಒಂದು ಸಲ ಹಾಕ್ಲಿಕ್ಕೆ ಮಾತ್ರ ಅನುಮತಿ, ಹಕ್ಕು ಕಳಿಸಿದವ್ರದ್ದೇ ಅಂತ ಎರಡು ಸಾಲು ಸೇರಿಸಿ. ಇನ್ನು ಮುಂದೆ ಇಂಥ ಲೇಖನ ಹಾಕುವಾಗ ಬರ್ದವ್ರ ಹತ್ರ ಕಳೆದ ವರ್ಷ ಫೋಟೊದಿಂದ ಎಷ್ಟು ಬಂತು, ಟೂರಿಗೆ ಎಷ್ಟು ಹೋಯ್ತು ಅಂತ ಕೇಳಿ ಅದನ್ನೂ ಅಚ್ಚು ಹಾಕಿ, ಇಎಂಐಗೆ ಸಹಿ ಹಾಕುವ ಮೊದಲು ಹುಡುಗ್ರು ಓದ್ಲಿ.

ಇಂತಿ,
ನಿಮ್ಮ ಓದುಗ, ಉಡುಪಿ