ರೈಲು ನಿಲ್ಲಿಸುವ ಗಾಳಿ

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ಹೋದ ವಾರವೇ ನಿಮ್ಮ ಕೈಸೇರಬೇಕಿತ್ತು. ಈಗ ರಾತ್ರಿ ಹನ್ನೊಂದೂವರೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆರಿಹೋದ ಚಿತ್ರಾನ್ನ. ಬೈಯಬೇಡಿ.

ಶನಿವಾರ ಕನ್ನಡ ಶಾಲೆಯಲ್ಲಿ ‘ಗಾಳಿ ಏನೇನು ಮಾಡುತ್ತೆ?’ ಅಂತ ಕೇಳಿದೆ. ಪಟ ಹಾರಿಸುತ್ತೆ, ಎಲೆ ಉದುರಿಸುತ್ತೆ ಅಂದರು. ಹಿಂದೆ ಕೂತಿದ್ದ ಆರು ವರ್ಷದ ಹುಡುಗಿ ಮಾತ್ರ “ರೈಲು ನಿಲ್ಸತ್ತೆ ಆಂಟಿ” ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ರೈಲ್ವೆ ಗಾರ್ಡ್ ಮಗಳು.

ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನಮಗೆಲ್ಲ ವೆಸ್ಟಿಂಗ್‌ಹೌಸ್ ಅಂದರೆ ಒಂದು ಸೇತುವೆ, ಒಂದು ಕಂಪನಿ. ಆ ಹೆಸರಿನ ಮನುಷ್ಯ ಜಾರ್ಜ್ ವೆಸ್ಟಿಂಗ್‌ಹೌಸ್, 1846ರಲ್ಲಿ ಹುಟ್ಟಿದವನು. ಆಗೆಲ್ಲ ಓಡುವ ರೈಲಿನ ಮೇಲೆ ಆಳುಗಳು ಡಬ್ಬಿಯಿಂದ ಡಬ್ಬಿಗೆ ಹಾರಿ, ಕೈಚಕ್ರ ತಿರುಗಿಸಿ ಬ್ರೇಕು ಬಿಗಿಯುತ್ತಿದ್ದರು. ಹಿಮದಲ್ಲಿ ಜಾರಿ ಸತ್ತವರಿಗೆ ಲೆಕ್ಕವಿಲ್ಲ. ಆಲ್ಪ್ಸ್ ಪರ್ವತದಲ್ಲಿ ಸುರಂಗ ಕೊರೆಯಲು ಒತ್ತಿದ ಗಾಳಿ ಬಳಸುತ್ತಾರೆ ಅಂತ ಈತ ಪತ್ರಿಕೆಯಲ್ಲಿ ಓದಿದ. ಅದೇ ಗಾಳಿಯಿಂದ ಬ್ರೇಕು ಹಾಕಬಹುದಲ್ವಾ ಅನ್ನಿಸಿತು. 1869ರಲ್ಲಿ ಪೇಟೆಂಟ್ ಸಿಕ್ಕಾಗ ಅವನಿಗೆ ಇಪ್ಪತ್ತೆರಡೇ ವರ್ಷ. ಮೊದಲ ಪರೀಕ್ಷೆಯಲ್ಲೇ, ನಮ್ಮ ಡೌನ್‌ಟೌನಿನ ಸುರಂಗ ದಾಟುತ್ತಿದ್ದ ಹಾಗೆ ಹಳಿ ಮೇಲೊಂದು ಕುದುರೆಗಾಡಿ. ಡ್ರೈವರ್ ಹಿಡಿ ಎಳೆದ. ಗಾಡಿಯವನು ಉಳಿದ.

ಆದರೆ ಆ ಬ್ರೇಕಿಗೊಂದು ದೋಷವಿತ್ತು. ಎಂಜಿನ್ನಿನಿಂದ ಡಬ್ಬಿಗಳಿಗೆ ಗಾಳಿ ಒಯ್ಯುವ ಕೊಳವೆ ಕಿತ್ತರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಅದನ್ನು ತಿರುವುಮುರುವು ಮಾಡಿದ. ಪ್ರತಿ ಡಬ್ಬಿಗೂ ಸ್ವಂತ ಗಾಳಿ ತೊಟ್ಟಿ. ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ ಎಲ್ಲ ಡಬ್ಬಿಗಳೂ ತಾವಾಗಿಯೇ ನಿಲ್ಲುತ್ತವೆ.

ನಮ್ಮಪ್ಪ ಅರಸೀಕೆರೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಒಂದು ಬೇಸಿಗೆ ರಜೆಯಲ್ಲಿ, ನಿಯಮಕ್ಕೆ ವಿರುದ್ಧವಾಗಿ, ನನ್ನನ್ನು ಬ್ರೇಕ್‌ವ್ಯಾನಿನಲ್ಲಿ, ಅಂದರೆ ಕೊನೆಯ ಗಾರ್ಡ್ ಡಬ್ಬಿಯಲ್ಲಿ, ಕೂರಿಸಿಕೊಂಡು ಸಕಲೇಶಪುರದ ಘಾಟಿ ಇಳಿದಿದ್ದರು. ಅಮ್ಮ ಕಟ್ಟಿಕೊಟ್ಟ ಮೊಸರನ್ನ, ಕೆಂಪು ಹಸಿರು ಬಾವುಟ, ಅಪ್ಪನ ಸಾಮಾನಿನ ಪೆಟ್ಟಿಗೆ ಲೈನ್ ಬಾಕ್ಸಿನ ಮೇಲೆ ನಾನು. ಸಕಲೇಶಪುರದಲ್ಲಿ ರೈಲು ನಿಂತೇ ನಿಂತಿತು. ಅಪ್ಪ ಗೋಡೆಯ ಬ್ರೇಕ್ ಗೇಜನ್ನೇ ನೋಡುತ್ತಿದ್ದರು. “ಮುಳ್ಳು ಮೇಲೆ ಬರೋವರೆಗೂ ಹಸಿರು ಬಾವುಟ ಇಲ್ಲ ಪುಟ್ಟಿ, ಮುಂದೆ ಐವತ್ತು ಅಡಿಗೆ ಒಂದಡಿ ಇಳಿಜಾರು.” ಆಮೇಲೆ ಕತ್ತಲು, ಬೆಳಕು, ಕತ್ತಲು. ಸುರಂಗ ಎಣಿಸುತ್ತಾ ಮೂವತ್ತಕ್ಕೇ ನಿದ್ದೆ ಹೋಗಿದ್ದೆ. ಒಟ್ಟು ಐವತ್ತೇಳಂತೆ.

ಭಾನುವಾರ ಅಪ್ಪನಿಗೆ ಫೋನಿನಲ್ಲಿ ವೆಸ್ಟಿಂಗ್‌ಹೌಸ್ ಕಥೆ ಹೇಳಿದೆ. “ನಮ್ದು ವ್ಯಾಕ್ಯೂಂ ಕಣೇ. ನಾವು ಗಾಳಿ ಹೀರಿ ತೆಗೀತಿದ್ವಿ, ಅವನು ತುಂಬ್ತಾನೆ. ಪೈಪ್ ಕಿತ್ರೆ ಎರಡೂ ನಿಲ್ಲತ್ತೆ,” ಅಂದರು. ಎಂಬತ್ತನಾಲ್ಕರ ವಯಸ್ಸಿನಲ್ಲೂ ಸ್ವಲ್ಪ ಜಂಬ.

ವೆಸ್ಟಿಂಗ್‌ಹೌಸ್ ಆಮೇಲೆ ಎಡಿಸನ್ ಎದುರು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ) ಕರೆಂಟಿಗಾಗಿ ಹೋರಾಡಿ ಗೆದ್ದ, 1907ರ ಹಣದ ಬಿಕ್ಕಟ್ಟಿನಲ್ಲಿ ತನ್ನ ವಿದ್ಯುತ್ ಕಂಪನಿಯ ಹಿಡಿತ ಕಳೆದುಕೊಂಡ, 1914ರಲ್ಲಿ ತೀರಿಕೊಂಡ. ನನಗೆ ಹಿಡಿಸಿದ್ದು ಬೇರೆಯೇ. ಕೆಲಸಗಾರರಿಗೆ ಶನಿವಾರ ಅರ್ಧ ದಿನ ರಜೆ ಕೊಟ್ಟ ಮೊದಲಿಗರಲ್ಲಿ ಈತನೂ ಒಬ್ಬ. ಶೆನ್ಲಿ ಪಾರ್ಕಿನಲ್ಲಿರುವ ಅವನ ಸ್ಮಾರಕಕ್ಕೆ ದುಡ್ಡು ಹಾಕಿದ್ದು ಅವನ ಕಂಪನಿಗಳ ನೌಕರರೇ. ನಾವು ಅಲ್ಲೇ ಪಿಕ್ನಿಕ್ ಮಾಡಿ ಪುಳಿಯೋಗರೆ ತಿಂದು ಬಂದಿದ್ದೇವೆ, ಹೆಸರು ಓದದೆ.

ನಮ್ಮ ಸಂಘದ್ದು ಮಾತ್ರ ಇನ್ನೂ 1869ರ ಬ್ರೇಕು, ಒಂದು ಕೊಳವೆ ಕಿತ್ತರೆ ಎಲ್ಲ ಹೋಯಿತು. ಸಾಂಸ್ಕೃತಿಕ ಕಾರ್ಯದರ್ಶಿ ಈ ತಿಂಗಳು ಮೈಸೂರಿಗೆ ವಾಪಸ್ ಹೊರಟಿದ್ದಾರೆ. ಹಾಡು, ನಾಟಕ, ಹಾಲ್ ಬುಕಿಂಗ್ ಮೂರೂ ಅವರ ಕೈಯಲ್ಲಿತ್ತು. ಯಾರಾದರೂ ಒಂದಾದರೂ ತಗೊಳ್ಳಿ, ದಯವಿಟ್ಟು. ಈ ಸುದ್ದಿಪತ್ರವನ್ನೂ ಕೊಡಲು ಸಿದ್ಧ!

ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ. ಮಕ್ಕಳ ಹೆಸರು ಈ ವಾರದೊಳಗೆ ಕೊಡಿ. ಕರೋಕೆ ಹಾಡುವವರು ಟ್ರ್ಯಾಕ್ ಮೊದಲೇ ಕಳಿಸಿ, ಹೋದ ಸಲದ ಹಾಗೆ ವೇದಿಕೆ ಮೇಲೆ ಹುಡುಕಬೇಡಿ. ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆ ಬೇಕು. ದೀಪಾವಳಿಗೆ ನಮ್ಮನೆಯಿಂದ ಒಯ್ದವರು ಯಾರು? ಬೈಯಲ್ಲ, ತಂದುಕೊಡಿ ಸಾಕು.